ಒಣಗಿದ ಹವಾನಾ ಚುರುಟು

ಚುರುಟನ್ನು ಕಿವಿಯ ಬಳಿ ಹಿಡಿದು ಬೆರಳಲ್ಲಿ ಮೆಲ್ಲಗೆ ಹೊರಳಿಸಿದ ಪಯಸ್‌ನ ಮುಖ ಬಿಳಿಚಿಕೊಂಡಿತು. ಅದು ಹಪ್ಪಳದ ಹಾಗೆ ಚಟಪಟ ಎಂದಿತ್ತು. ಅಸಲಿ ಕ್ಯೂಬಾದ ಚುರುಟು. ಪೆನಾಂಗಿನ ಬಯಾನ್ ಲೆಪಾಸ್‌ನ ಚಿಪ್ ಫ್ಯಾಕ್ಟರಿಯಲ್ಲಿ ಅವನ ಬಾಸ್ ಆಗಿದ್ದ ಮಿಸ್ಟರ್ ಊಯಿ ಕಳೆದ ವರ್ಷ ಅದನ್ನು ಕೈಗಿಟ್ಟು, ತಾನು ರಿಟೈರ್ ಆದ ಮೇಲೆ ಮನೆಗೇ ಬಂದು ಸೇದುವುದಾಗಿಯೂ, ಚುರುಟನ್ನು ಹೇಗೆ ಇಟ್ಟಿದ್ದಾನೆಂದು ನೋಡಿದರೆ ಮನುಷ್ಯನ ಯೋಗ್ಯತೆ ತಿಳಿಯುವುದಾಗಿಯೂ ಹೇಳಿದ್ದರು. ಈಗ ಅವರು ರಿಟೈರ್ ಆಗಿದ್ದರು. ಮುಂದಿನ ತಿಂಗಳು ಊಟಕ್ಕೆ ಬರುತ್ತೇನೆಂದು ಆಗಷ್ಟೇ ಫೋನ್ ಮಾಡಿದ್ದರು.

"ಎಲ್ಲಿಟ್ಟಿದ್ದಿ?" ಎಂದು ಹೆಂಡತಿ ಹೆಲೆನ್ ಕೇಳಿದಳು.

"ಡ್ರೈ ಕ್ಯಾಬಿನೆಟ್‌ನಲ್ಲಿ. ಕ್ಯಾಮೆರಾ ಒಟ್ಟಿಗೆ."

ಬೇರೆ ಯಾರೂ ಮಾಡಲಾರದ ತಪ್ಪು ಅದು. ತೇವ ತಗುಲಿದರೆ ಚಿಪ್ ಕೆಟ್ಟಿತು ಎಂದು ಹಗಲಿಡೀ ಹುಡುಗರಿಗೆ ಪಾಠ ಹೇಳುವ ಎಂಜಿನಿಯರ್ ಅವನು. ಬೆಲೆಬಾಳುವುದೆಲ್ಲ ಒಣಗಿಯೇ ಇರಬೇಕೆಂದು ತಲೆಯಲ್ಲಿ ಕೂತುಬಿಟ್ಟಿತ್ತು. ಕ್ಯಾಮೆರಾ ಚೆನ್ನಾಗಿಯೇ ಇತ್ತು, ಪಾಪ. ಚುರುಟು ಮಾತ್ರ ಸೌದೆಯಾಗಿತ್ತು.

ಹೆಲೆನ್ ಅದನ್ನು ಅವನ ಕೈಯಿಂದ ತೆಗೆದುಕೊಂಡು ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಎಲೆ ಇನ್ನೂ ಸೀಳಿರಲಿಲ್ಲ. ಈಗ ಪೆನಾಂಗಿನ ಶಿಪ್ಪಿಂಗ್ ಕಂಪನಿಯೊಂದರಲ್ಲಿ ಅಕೌಂಟ್ಸ್ ಮ್ಯಾನೇಜರ್ ಆಗಿರುವ ಹೆಲೆನ್, ಬಜ್ಪೆಯಲ್ಲಿ ಅಮ್ಮನ ಪಕ್ಕ ಕೂತು ಬೀಡಿ ಕಟ್ಟಿ ಬಂದ ದುಡ್ಡಲ್ಲೇ ಬಿ.ಕಾಂ. ಮುಗಿಸಿದವಳು. ಮದುವೆ ನಿಶ್ಚಯವಾದಾಗ ಅತ್ತೆ, ಬೀಡಿಯ ಸುದ್ದಿ ಇನ್ನು ಬೇಡ ಎಂದಿದ್ದರು. ಅವರೇನೋ ಹಳೇ ಕಾಲದವರು, ಹೋಗಲಿ. ಆದರೆ ಇಲ್ಲಿ ಚರ್ಚಿನ ಗೆಳತಿಯರು ಕಾಲೇಜಿನ ಮಾತೆತ್ತಿದಾಗಲೆಲ್ಲ ಪಯಸ್ ನಡುವೆ ಬಾಯಿ ಹಾಕಿ, ಅವಳಿಗೆ ಸ್ಕಾಲರ್‌ಶಿಪ್ ಇತ್ತು ಎಂದುಬಿಡುತ್ತಿದ್ದ. ತಾನು ಕಟ್ಟಿದ ಬೀಡಿಗಳನ್ನೆಲ್ಲ ಗಂಡ ಒಂದೊಂದಾಗಿ ಬಿಚ್ಚಿ ಬಿಸಾಡಿದಂತಾಗಿ ಅವಳಿಗೆ ಮೈ ಉರಿಯುತ್ತಿತ್ತು.

"ಸರಿ ಮಾಡ್ತೇನೆ" ಎಂದಳು. "ಆದ್ರೆ ಅವರು ಕೇಳಿದ್ರೆ, ಯಾರು ಸರಿ ಮಾಡಿದ್ದು, ಎಲ್ಲಿ ಕಲ್ತದ್ದು ಅಂತ ನೀನೇ ಹೇಳ್ಬೇಕು. ಸ್ಕಾಲರ್‌ಶಿಪ್ ಕಥೆ ಬೇಡ ಮಾರಾಯ."

ಆ ಹೊತ್ತಿಗೆ ಅವಳು ಏನು ಹೇಳಿದರೂ ಪಯಸ್ ಒಪ್ಪುತ್ತಿದ್ದ. ಒಪ್ಪಿದ.

ಒಣಗಿದ ಎಲೆಗೆ ಅವಸರದಲ್ಲಿ ನೀರು ಕುಡಿಸಿದರೆ ಉಬ್ಬಿ ಸೀಳಿಹೋಗುತ್ತದೆ ಎಂಬುದು ಹೆಲೆನ್‌ಗೆ ಗೊತ್ತಿತ್ತು. ಬೀಡಿ ಎಲೆಗಾದರೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ಒಳಗೆ ಹೊಗೆಸೊಪ್ಪು ತುಂಬಿದ ಇದಕ್ಕೆ ನೀರು ಸೋಕಲೇಬಾರದು. ಬಿಸ್ಕತ್ತಿನ ಡಬ್ಬಿಯ ತಳದಲ್ಲಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಸಿ, ಮೇಲೆ ತೂತಿನ ತಟ್ಟೆಯಿಟ್ಟು, ಅದರ ಮೇಲೆ ಚುರುಟನ್ನು ಮಲಗಿಸಿದಳು. ಅಡುಗೆಮನೆಯ ವಾಸನೆ ಹತ್ತದಿರಲೆಂದು ಡಬ್ಬಿಯನ್ನು ಸೀರೆಗಳ ಕಪಾಟಿಗೆ ಸೇರಿಸಿ, ಆಫೀಸಿನಿಂದ ಬಂದವಳೇ ದಿನಾ ಮಗ್ಗುಲು ಬದಲಿಸಿದಳು. ರೈಸ್ ಕುಕ್ಕರಿನ ಹಬೆಗೆ ಹಿಡಿದರೆ ಬೇಗ ಆಗುತ್ತದಲ್ಲ ಎಂದ ಪಯಸ್‌ಗೆ ಕೈ ಮೇಲೊಂದು ಏಟು ಬಿತ್ತು.

ಊಯಿ ಬಂದರು. ಇಡ್ಲಿಯಂಥ ಸನ್ನಣ, ಹಂದಿ ಪದಾರ್ಥ ಹೊಡೆದು ಬಾಲ್ಕನಿಯಲ್ಲಿ ಕೂತರು. ಚುರುಟನ್ನು ಕಿವಿಯ ಬಳಿ ಹೊರಳಿಸಿದರು, ಸದ್ದಿಲ್ಲ. ತುದಿ ಕತ್ತರಿಸಿ, ಹಚ್ಚುವ ಮೊದಲೇ ಒಮ್ಮೆ ಎಳೆದು ರುಚಿ ನೋಡಿ ತಲೆದೂಗಿದರು. ಬೆಂಕಿಯನ್ನು ಸುತ್ತಲೂ ಸಮನಾಗಿ ತಾಗಿಸಿ ಹಚ್ಚಿದರು. ಬೂದಿ ಮುರಿಯದೆ ಬೆರಳುದ್ದ ಬೆಳೆಯುವವರೆಗೂ ಊಯಿ ಸೇದಿದರು. ಆಮೇಲೆ, ಬಾಯಿಗೆ ಮೊದಲು ಹುರಿದ ಕಾಫಿಯ ಕಹಿ, ಹಿಂದಿನಿಂದ ತಾಳೆಬೆಲ್ಲದ ಸಿಹಿ ಬರುತ್ತದೆ ಎಂದರು. ತನ್ನ ಮನೆಯ ಪೆಟ್ಟಿಗೆಯಲ್ಲಿರುವ ಇದರ ಅಣ್ಣತಮ್ಮಂದಿರೂ ಇಷ್ಟು ಹದವಾಗಿಲ್ಲ ಎಂದು ಒಪ್ಪಿಕೊಂಡರು.

"ಹೇಗೆ ಇಟ್ಟೆ ಲಾ, ಪಯಸ್?" ಎಂದು ಪೆನಾಂಗಿನವರ ಎಳೆತದಲ್ಲಿ ಕೇಳಿದರು.

ಪಯಸ್ ಹೆಂಡತಿಯ ಮುಖ ನೋಡಿದ, ನೆಲ ನೋಡಿದ. "ಅದು... ಇಂಟರ್ನೆಟ್ಟಲ್ಲಿ ನೋಡಿ..." ಎಂದ.

ಹೆಲೆನ್ ಕಾಫಿಯ ಟ್ರೇಯನ್ನು ಮೇಜಿನ ಮೇಲಿಟ್ಟಳು.

"ಇಂಟರ್ನೆಟ್ ಅಲ್ಲ ಮಿಸ್ಟರ್ ಊಯಿ, ನಾನು. ಊರಲ್ಲಿ ಬೀಡಿ ಕಟ್ಟಿ ಓದಿದವಳು ನಾನು."

ಇಷ್ಟು ಹೇಳಿದ ಮೇಲೆ ತಡೆಯುವವರು ಯಾರು? ಎಲೆ ನೆನೆಸುವುದು, ಕತ್ತರಿಸುವುದು, ಸೊಪ್ಪು ತುಂಬಿ ನೂಲು ಸುತ್ತುವುದು, ಎಲ್ಲವನ್ನೂ ಹೇಳಿದಳು. ಸಂಜೆ ಕಟ್ಟಿದ ಬೀಡಿ ಒಪ್ಪಿಸಲು ಕಂಪನಿಯ ಬ್ರಾಂಚಿಗೆ ಹೋದರೆ ಅಲ್ಲಿನ ಚೆಕ್ಕರ್ ಕಟ್ಟಿನಿಂದ ನಾಲ್ಕು ಎಳೆದು, ಒತ್ತಿ ನೋಡಿ, ಕಾರಣವನ್ನೂ ಹೇಳದೆ ರಿಜೆಕ್ಟ್ ಎಂದು ಬುಟ್ಟಿಗೆಸೆಯುತ್ತಿದ್ದುದನ್ನು, ಆಗ ಅಮ್ಮ ತಲೆ ತಗ್ಗಿಸಿ ನಿಲ್ಲುತ್ತಿದ್ದುದನ್ನು ಹೇಳಿದಳು. ಹೇಳುತ್ತ ಹೇಳುತ್ತ ಅವಳ ಬೆನ್ನು ನೆಟ್ಟಗಾಯಿತು. ಪಯಸ್ ಏರ್‌ಪೋರ್ಟಿಗೆ ಇಳಿಯುತ್ತಿದ್ದ ವಿಮಾನವನ್ನು ಭಾರೀ ಆಸಕ್ತಿಯಿಂದ ನೋಡುತ್ತಿದ್ದ.

ಊಯಿ ಎದ್ದು ನಿಂತು ಚುರುಟನ್ನು ಎರಡೂ ಕೈಯಲ್ಲಿ ಅವಳತ್ತ ಚಾಚಿದರು. "ಹಾಗಾದ್ರೆ ಮಾರ್ಕ್ಸ್ ಕೊಡೋಕೆ ನಾನು ಯಾರು ಲಾ? ಇವತ್ತು ಚೆಕ್ಕರ್ ನೀವು."

ಅಷ್ಟು ವರ್ಷ ಕಟ್ಟಿದರೂ ಹೆಲೆನ್ ಒಂದು ದಿನ ಸೇದಿದವಳಲ್ಲ. ಸಂಕೋಚಪಡದೆ ಒಮ್ಮೆ ಎಳೆದು, ಹೊಗೆಯನ್ನು ಬಾಯಲ್ಲಿ ಆಡಿಸಿ ಬಿಟ್ಟಳು. ಹೆಬ್ಬೆರಳಲ್ಲಿ ಉದ್ದಕ್ಕೂ ಒತ್ತಿದಳು. ಎಲ್ಲೂ ಗಂಟಿಲ್ಲ, ಎಲ್ಲೂ ಸಡಿಲವಿಲ್ಲ. ಎಲೆ ಮುಗಿದ ಜಾಗವನ್ನು ಹುಡುಕಿದರೂ ಸಿಗಲಿಲ್ಲ. ಎಲ್ಲೋ ಕಡಲಾಚೆ, ಮಡಿಲಲ್ಲಿ ಎಲೆ ಹರಡಿಕೊಂಡು ಕೂತು ಇದನ್ನು ಸುತ್ತಿದ ಒಬ್ಬಳು ಕಣ್ಣಿಗೆ ಕಟ್ಟಿದಳು. ಹೆಲೆನ್‌ಗೆ ಖುಷಿ ತಡೆಯಲಾಗಲಿಲ್ಲ.

"ಸುತ್ತಿದವಳು ಪಾಸ್" ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಇಟ್ಟವನು ರಿಜೆಕ್ಟ್."