ಆರ್ಡಿತ್‌ಳ ಸಹಿ

ಪೆನ್ನು ಕಾಗದ ಮುಟ್ಟುವ ಮೊದಲೇ ಆರ್ಡಿತ್‌ಳ ಕೈ ಕಾಯಿಲೆಯಿಂದ ಮತ್ತೆ ನಡುಗಿತು. ನೆಬ್ರಾಸ್ಕಾದ ಜೂನ್ ಗಾಳಿಯಲ್ಲಿ ಮರಗಳ ಬಿಳಿ ಅರಳೆ ಕನಸಿನಂತೆ ತೇಲುತ್ತಿತ್ತು. ಗಾಂಜಾವನ್ನು ಔಷಧಿಯಾಗಿ ಕೊಡಬಹುದೇ ಎಂದು ಜನರೇ ಮತ ಹಾಕಿ ಹೇಳಬೇಕಾದರೆ ಅರ್ಜಿಗೆ ಇನ್ನೂ ಸಹಿಗಳು ಬೇಕಿದ್ದವು.

“ಕೊಡೆ, ನಾನೇ ಬರೀತೀನಿ,” ಎಂದ ಗಂಡ ಡ್ವೇನ್. ಗಾಂಜಾದವರನ್ನು ಹಿಡಿಯುತ್ತಲೇ ಮುದುಕನಾದ ಪೊಲೀಸ್ ಅವನು.

“ಬೇಡಿ ಅಜ್ಜ. ಅವರೇ ಬರೀಬೇಕು, ಇಲ್ದಿದ್ರೆ ಲೆಕ್ಕಕ್ಕಿಲ್ಲ,” ಎಂದಳು ಸಹಿ ಸಂಗ್ರಹಿಸುತ್ತಿದ್ದ ಹುಡುಗಿ.

“ಗಾಡಿಯಿಂದ ಇಳಿಯೋದೇ ಇಲ್ಲ ಅಂದಿದ್ಯಲ್ಲ?” ಆರ್ಡಿತ್ ಗಂಡನನ್ನು ಚುಚ್ಚಿದಳು.

ಡ್ವೇನ್ ಸಹಿಯ ಹಾಳೆ ಸಿಕ್ಕಿಸಿದ್ದ ರಟ್ಟನ್ನು ತನ್ನ ಎದೆಗೆ ಒತ್ತಿ ಹಿಡಿದುಕೊಂಡ. “ಒರಗ್ಕೊಂಡು ನಿಧಾನಕ್ಕೆ ಬರಿ.”

ಅವಳು ಒರಗಿದಳು. ಅಕ್ಷರಗಳು ಒಂದೊಂದಾಗಿ ಅವನ ಎದೆಯ ಮೇಲೆ ನಡೆದವು. ಅವಳ ಕೂದಲಿಗೆ ಅರಳೆ ಬಂದು ಕೂತರೂ ಅವನು ಅಲುಗಲಿಲ್ಲ.

“ಆಯ್ತು,” ಎಂದಳು.

ಡ್ವೇನ್ ರಟ್ಟು ತಿರುಗಿಸಿ, ಅವಳ ಹೆಸರಿನ ಕೆಳಗಿನ ಸಾಲಿಗೆ ಪೆನ್ನು ಊರಿದ.