ಶುಕ್ರವಾರದ ಫೋನು

“ನಾನು ರಿಟೈರ್ ಆದ್ರೆ ಕತಾರಲ್ಲಿ ಗ್ಯಾಸೇ ಬರುದಿಲ್ಲ ಅಂತ ಕಂಪನಿಯವ್ರು ಕಾಲು ಹಿಡಿದ್ರು ಮಾರಾಯ. ಇನ್ನು ಇಪ್ಪತ್ತು ವರ್ಷ ಬಿಡುದಿಲ್ಲವಂತೆ,” ಎಂದು ಲ್ಯಾನ್ಸ್‌ಲಾಟ್ ದೋಹಾದಿಂದ ಕೊಚ್ಚಿಕೊಂಡ. ಅತ್ತ ಮಂಗಳೂರಿನ ಹೋಟೆಲಿನಲ್ಲಿ, ನಿವೃತ್ತರಾದ ಮೇಲೂ ವಾರವಾರ ಸೇರುವ ಅವನ ಕಾಲೇಜು ಸಹಪಾಠಿಗಳು ಫೋನಿನ ಸ್ಪೀಕರ್ ಹಾಕಿಕೊಂಡು ಮೇಜು ಬಡಿದು ನಗುತ್ತಿದ್ದರು.

ಅಷ್ಟರಲ್ಲಿ ಅವನ ಬೆನ್ನ ಹಿಂದೆ ಹೆಂಡತಿ ಲೊರ್ನಾ, ಸಾಮಾನು ತುಂಬಿದ ರಟ್ಟಿನ ಪೆಟ್ಟಿಗೆಗೆ ಪರ್ರನೆ ಟೇಪ್ ಎಳೆದಳು. ಅತ್ತ ನಗು ನಿಂತಿತು.

“ಆ ಸದ್ದು ನನಗೆ ಗೊತ್ತುಂಟು ಲ್ಯಾನ್ಸಿ,” ಎಂದ, ಹೋದ ವರ್ಷವಷ್ಟೇ ದೋಹಾ ಬಿಟ್ಟುಬಂದಿದ್ದ ಜಲೀಲ್. “ಪ್ಯಾಕಿಂಗ್ ಎಲ್ಲ ಮುಗೀತಾ?”

ಲ್ಯಾನ್ಸ್‌ಲಾಟ್ ಟೇಪ್ ಹಚ್ಚಿದ ಪೆಟ್ಟಿಗೆಯ ಮೇಲೆ ಕೂತ.

“ವೀಸಾ ಖಲಾಸ್ ಜಲೀಲ್. ನಾಡಿದ್ದು ಬರುದು. ಗಲ್ಫಿನವ ಅಂತ ನೀವೆಲ್ಲ ಕಿವಿ ಕೊಡ್ತಿದ್ರಿ. ಊರಲ್ಲಿ ಬಂದು ಕೂತ ಮೇಲೆ ನನ್ನ ಮಾತು ಯಾರಿಗೆ ಬೇಕು ಅಂತ ಹೆದರಿಕೆ ಆಯ್ತು.”