ಬದಲಿಗೆ ಕೊಟ್ಟದ್ದು

ಮನೆಗೆ ಹೊಸ ಯಂತ್ರ ಬೇಕಾದರೆ ಹಳೆಯ ಯಂತ್ರವೊಂದರ ನೆನಪನ್ನು ಯಂತ್ರ ಕೊಡುವ ಆಫೀಸಿನಲ್ಲಿ ಬಿಟ್ಟು ಬರಬೇಕು. ಯಾವುದನ್ನು ತೆಗೆದುಕೊಂಡೆವೆಂದು ಅವರು ಹೇಳುವುದಿಲ್ಲ.

ನಿನ್ನೆ ರೊಟ್ಟಿ ಬಡಿಯುವ ಯಂತ್ರ ತಂದ ಬಸಲಿಂಗವ್ವ ಬೆಳಿಗ್ಗೆಯಿಂದ ಪರೀಕ್ಷೆಗಿಳಿದಿದ್ದಳು. ಮಿಕ್ಸರ್ ಹಾಕಿದಳು, ರೇಡಿಯೊ ಹಚ್ಚಿದಳು, ಓಣಿಯಲ್ಲಿ ಒಂದು ಸುತ್ತು ಸೈಕಲ್ ಹೊಡೆದಳು. ಎಲ್ಲವೂ ನೆನಪಿತ್ತು.

"ಆಫೀಸಿನವ್ರ ತಗೊಳ್ಳೂದ ಮರತಾರ ಕಾಣ್ತದ," ಎಂದು ಕಿಟಕಿ ಬಳಿ ಚಹಾ ಹಿಡಿದು ಕುಳಿತಳು.

ಪಕ್ಕದ ಮನೆಯ ರೇಣವ್ವ ಬಂದಳು. "ಅಕ್ಕಾ, ನನ್ನ ಮಗಳ ಮದುವಿ ಜಂಪರ ಆದ್ವೇನ?"

"ನನ್ನ ಯಾಕ ಕೇಳ್ತೀಯವಾ?"

"ಮೂವತ್ತ ವರ್ಷದಿಂದ ಮತ್ಯಾರ ಹೊಲದಾರ? ಮಷೀನ್ ಮುಂದನ ಕುಂತೀಯಲ್ಲ!"

ಬಸಲಿಂಗವ್ವ ಸುತ್ತ ಹುಡುಕಿದಳು. ಕಂಡದ್ದು ಲೋಟ ಇಟ್ಟಿದ್ದ ಮೇಜು, ಅದರ ಮೇಲೆ ಸೂಜಿ ಕಚ್ಚಿಕೊಂಡ ಕರಿ ಕಬ್ಬಿಣದ ತುಂಡು.

ಮೇಜಿನ ಕೆಳಗೆ ಅವಳ ಕಾಲುಗಳು ಆಗಲೇ ತುಳಿಯುತ್ತಿದ್ದವು.